ಚಿನ್ನದ ಗಣಿ ಊರಿನ ಕೈತೋಟ: ಮೊದಲು ಮಣ್ಣು, ಆಮೇಲೆ ಬೀಜ



ಮನೆಯ ಹಿತ್ತಲಿನಲ್ಲಿ ನಾಲ್ಕು ಗಿಡ ಬೆಳೆಸಿ, ಅಂದಂದಿನ ಸೊಪ್ಪು ತರಕಾರಿಯನ್ನು ಅಂದಂದೇ ಕೊಯ್ದು ಅಡಿಗೆಗೆ ಹಾಕುವ ಪದ್ಧತಿ ಬಹಳ ಹಳೆಯದು. ಈಚಿನ ವರ್ಷಗಳಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರಿಕೊಂಡಿದೆ. ಸಂತೆಯಿಂದ ತಂದ ತರಕಾರಿಗೆ ಎಷ್ಟು ಸಲ ಔಷಧ ಹೊಡೆದಿದ್ದಾರೋ, ಹೊಡೆದು ಎಷ್ಟು ದಿನಕ್ಕೆ ಕೊಯ್ದಿದ್ದಾರೋ, ಯಾವ ನೀರು ಹಾಯಿಸಿದ್ದಾರೋ ಎಂಬ ಅನುಮಾನ ಅನೇಕ ಗೃಹಿಣಿಯರನ್ನು ಕಾಡುತ್ತಿದೆ. 'ಕೈಯಾರೆ ಬೆಳೆದುಕೊಂಡರೆ ಆ ಭಯವಿಲ್ಲ' ಎಂದು ಹಲವರು ಕೈತೋಟದ ಕಡೆಗೆ ತಿರುಗಿದ್ದಾರೆ. ಇದು ಒಳ್ಳೆಯ ಬೆಳವಣಿಗೆ. ಆದರೆ ಈ ಮಾತು ಎಲ್ಲ ಊರಿಗೂ ಒಂದೇ ರೀತಿ ಅನ್ವಯಿಸುವುದಿಲ್ಲ. ಔಷಧ ಹೊಡೆಯದ ಮಾತ್ರಕ್ಕೆ ತರಕಾರಿ ಸುರಕ್ಷಿತವಾಗುವುದಿಲ್ಲ. ಅದು ಬೆಳೆದ ಮಣ್ಣೂ ಸುರಕ್ಷಿತವಾಗಿರಬೇಕು. ಕೋರಮಂಡಲ್ ಮತ್ತು ಅದರ ನೆರೆಹೊರೆಯ ಬಡಾವಣೆಗಳಲ್ಲಿ ವಾಸಿಸುವವರು ಮುಖ್ಯವಾಗಿ ಗಮನಿಸತಕ್ಕ ವಿಷಯ ಇದೇ.

ಊರಿನ ನೆಲದ ಕಥೆ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ಬೆಮೆಲ್ ನಗರ ದಾಟಿದ ಮೇಲೆ ಕೋರಮಂಡಲ್ ನಿಲ್ದಾಣ ಸಿಗುತ್ತದೆ. ಅದರಾಚೆ ಊರ್ಗಾಂ, ಚಾಂಪಿಯನ್. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಕೆಲಸ ಕೈಗೆತ್ತಿಕೊಂಡ ಮೇಲೆ ನೂರಿಪ್ಪತ್ತು ವರ್ಷ ಈ ನೆಲದಿಂದ ಚಿನ್ನ ತೆಗೆಯಲಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದಿತು. ಗಣಿ ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿಯಿತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಗಣಿಗಳು ಮುಚ್ಚಿದುವು.

ಗಣಿ ಮುಚ್ಚಿದರೂ ಅದರ ಉಳಿಕೆ ಮಾತ್ರ ಊರಿನ ನಡುವೆಯೇ ಉಳಿಯಿತು. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಬಳಿಕ ಮಿಕ್ಕ ಪುಡಿಯನ್ನು ಬಯಲಿನಲ್ಲಿ ರಾಶಿ ಹಾಕುತ್ತಿದ್ದರು. ಜನ ಇವನ್ನು 'ಸೈನೈಡ್ ಗುಡ್ಡ'ಗಳೆಂದು ಕರೆಯುತ್ತಾರೆ. ಇಂಥ 13 ಗುಡ್ಡಗಳಿದ್ದು, ಅವುಗಳಲ್ಲಿ ಸುಮಾರು 3.3 ಕೋಟಿ ಟನ್ ಪುಡಿಮಣ್ಣು ಇದೆಯೆಂದು ಅಂದಾಜು. ಇದರಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಗುಡ್ಡ ಇದ್ದಲ್ಲೇ ಇರಲಿ, ಅಗೆಯಲಿ, ಅದರ ಧೂಳು ಹಿತ್ತಲಿಗೆ ಬರುವ ಸಾಧ್ಯತೆಯನ್ನು ಕೈತೋಟ ಮಾಡುವವರು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಹೆಸರು ಕೇಳಿದೊಡನೆ ಜನ ಹೆದರುವುದು ಸೈನೈಡಿಗೆ. ಆದರೆ ಸ್ವತಂತ್ರ ರೂಪದ ಸೈನೈಡ್ ಬಿಸಿಲು ಮತ್ತು ಗಾಳಿಗೆ ಒಡ್ಡಿಕೊಂಡಾಗ ಕಾಲಕ್ರಮದಲ್ಲಿ ಬಹುಮಟ್ಟಿಗೆ ವಿಭಜನೆಗೊಳ್ಳುತ್ತದೆ. ಕಾಲ ಕಳೆದರೂ ಕರಗಿಹೋಗದವು ಲೋಹಗಳು. ಇಲ್ಲಿಯ ಕೆಲವು ಅದಿರಿನ ಪದರಗಳಲ್ಲಿ ಚಿನ್ನದ ಜೊತೆಗೆ ಗಂಧಕಯುಕ್ತ ಖನಿಜಗಳೂ, ಅವುಗಳಲ್ಲಿ ಆರ್ಸೆನಿಕ್ ಎಂಬ ಪಾಷಾಣವೂ ಸೇರಿದ್ದುವು. ಗಂಧಕಯುಕ್ತ ಪುಡಿ ಗಾಳಿ ನೀರು ತಗುಲಿದಾಗ ಹುಳಿಯಾಗುತ್ತದೆ. ಹುಳಿಮಣ್ಣಿನಲ್ಲಿ ಹಲವು ಲೋಹಗಳು ಗಿಡದ ಬೇರಿಗೆ ಸುಲಭವಾಗಿ ಸಿಗುತ್ತವೆ. ಇದರ ಜೊತೆಗೆ ಸೀಸದ ಸಂಗತಿಯೂ ಉಂಟು. ಹಳೆಯ ಬಣ್ಣ, ಹಳೆಯ ಬ್ಯಾಟರಿ, ವಾಹನಗಳ ಹೊಗೆ ಇವುಗಳಿಂದ ಯಾವುದೇ ಹಳೆಯ ಕೈಗಾರಿಕಾ ಊರಿನ ಮಣ್ಣಿಗೂ ಸೀಸ ಸೇರಿರಬಹುದು.

ಎರಡನೆಯದು ನುಣ್ಣನೆಯ ಸಿಲಿಕಾ ಧೂಳು. ಭಾರತದಲ್ಲಿ ಸಿಲಿಕೋಸಿಸ್ ರೋಗ ಮೊದಲು ವರದಿಯಾದುದು 1934ರಲ್ಲಿ, ಕೋಲಾರದ ಚಿನ್ನದ ಗಣಿಯಿಂದಲೇ. ಅದು ಗಣಿಯೊಳಗೆ ದುಡಿದವರ ಶ್ವಾಸಕೋಶಕ್ಕೆ ತಗುಲಿದ ರೋಗ. ಕೈತೋಟಕ್ಕೂ ಅದಕ್ಕೂ ಹೋಲಿಕೆಯಿಲ್ಲ. ಆದರೂ ಒಣಮಣ್ಣನ್ನು ಕೆದಕಿ ಧೂಳೆಬ್ಬಿಸುವುದು ಒಳ್ಳೆಯದಲ್ಲವೆಂಬ ಪಾಠ ಈ ಊರಿನವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಹಾಗೆಂದು ಪ್ರತಿಯೊಂದು ಹಿತ್ತಲೂ ಕೆಟ್ಟಿದೆ ಎಂದು ಭಾವಿಸಬಾರದು. ಗುಡ್ಡದಿಂದ ಎಷ್ಟು ದೂರ, ಗಾಳಿ ಯಾವ ಕಡೆಯದು, ಮಳೆನೀರು ಎಲ್ಲಿಂದ ಹರಿದು ಬರುತ್ತದೆ, ಮನೆ ಕಟ್ಟುವಾಗ ಯಾವ ಮಣ್ಣು ತುಂಬಿಸಿದರು ಎಂಬುದರ ಮೇಲೆ ಒಂದೇ ಬೀದಿಯ ಎರಡು ಹಿತ್ತಲುಗಳ ಗುಣ ಬೇರೆಬೇರೆಯಾಗಬಹುದು.

ಇಂಗ್ಲೆಂಡಿನ ಸಾಮರ್ಸೆಟ್ ಪ್ರಾಂತದ ಶಿಪ್ಹ್ಯಾಮ್ ಎಂಬ ಹಳ್ಳಿಯ ಉದಾಹರಣೆ ಇಲ್ಲಿ ನೆನೆಯತಕ್ಕದ್ದು. ಅಲ್ಲಿ ಬಹಳ ಹಿಂದೆ ಸತುವಿನ ಅದಿರು ತೆಗೆಯುತ್ತಿದ್ದರು. ಗಣಿ ನಿಂತು ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, 1979ರಲ್ಲಿ, ಕೈತೋಟಗಳ ಮಣ್ಣಿನಲ್ಲಿ ಕ್ಯಾಡ್ಮಿಯಂ ಎಂಬ ಲೋಹ ಅತಿ ಹೆಚ್ಚಾಗಿರುವುದು ಬೆಳಕಿಗೆ ಬಂದಿತು. ಊರಿನವರು ಗಾಬರಿಗೊಂಡರು. ಮಣ್ಣನ್ನೂ ತರಕಾರಿಯನ್ನೂ ಜನರ ಆರೋಗ್ಯವನ್ನೂ ಪರೀಕ್ಷಿಸಿದಾಗ ಹೆದರಿದಷ್ಟು ಹಾನಿ ಕಂಡುಬರಲಿಲ್ಲ. ಇದರಿಂದ ತಿಳಿಯುವುದು ಎರಡು ಮಾತು: ಗಣಿ ನಿಂತರೂ ಲೋಹ ಮಣ್ಣಿನಲ್ಲಿ ನಿಲ್ಲುತ್ತದೆ, ಪರೀಕ್ಷೆ ಮಾಡದೆ ಧೈರ್ಯವೂ ಸಲ್ಲದು, ಭಯವೂ ಸಲ್ಲದು.

ಹುಲುಸಾದ ಗಿಡ ಸಾಕ್ಷಿಯಲ್ಲ

'ಹಿತ್ತಲಲ್ಲಿ ಬದನೆ ಸೊಂಪಾಗಿ ಬಂದಿದೆ, ಮಣ್ಣಿಗೆ ಏನಾಗಿದೆ?' ಎಂದು ಕೇಳುವವರುಂಟು. ಮನುಷ್ಯನಿಗೆ, ಅದರಲ್ಲೂ ಬೆಳೆಯುವ ಮಗುವಿಗೆ, ಕೆಡುಕು ಮಾಡುವಷ್ಟು ಸೀಸ ಮಣ್ಣಿನಲ್ಲಿದ್ದರೂ ಗಿಡ ಹಸಿರಾಗಿಯೇ ಇರಬಹುದು. ಬಣ್ಣ, ರುಚಿ, ವಾಸನೆ ಯಾವುದರಲ್ಲೂ ವ್ಯತ್ಯಾಸ ತಿಳಿಯದು. ಬೇಯಿಸಿದರೂ ಲೋಹ ನಾಶವಾಗುವುದಿಲ್ಲ.

ಮಣ್ಣಿನ ಆರೋಗ್ಯ ಚೀಟಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಅದರಲ್ಲಿ 12 ಅಂಶಗಳ ವಿವರವಿರುತ್ತದೆ: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಬೆಳೆಗೆ ಗೊಬ್ಬರ ಲೆಕ್ಕ ಹಾಕಲು ಇಷ್ಟು ಸಾಕು. ಆದರೆ ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ ಇದರಲ್ಲಿಲ್ಲ. 'ಮಣ್ಣು ಪರೀಕ್ಷೆ ಆಗಿದೆ' ಎಂದು ನೆಮ್ಮದಿಯಾಗಿರುವವರು ಯಾವ ಪರೀಕ್ಷೆ ಎಂಬುದನ್ನು ನೋಡಿಕೊಳ್ಳಬೇಕು. ಭಾರ ಲೋಹಗಳ ಪರೀಕ್ಷೆಯನ್ನು ಪ್ರತ್ಯೇಕವಾಗಿ ಕೇಳಿ ಮಾಡಿಸಬೇಕು. ಅದಕ್ಕೆ ಬೇಕಾದ ಉಪಕರಣ ಎಲ್ಲ ಪ್ರಯೋಗಾಲಯಗಳಲ್ಲಿ ಇರುವುದಿಲ್ಲ. ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಮಾದರಿಯನ್ನು ಎಲ್ಲಿಗೆ ಕಳುಹಿಸಬೇಕೆಂದು ತಿಳಿದುಕೊಳ್ಳಿರಿ. ನಾಲ್ಕೈದು ಮನೆಯವರು ಒಟ್ಟಾಗಿ ಮಾಡಿಸಿದರೆ ಓಡಾಟದ ಖರ್ಚು ಹಂಚಿಹೋಗುತ್ತದೆ. ಆದರೆ ಪ್ರತಿ ಹಿತ್ತಲಿನ ಮಾದರಿಯೂ ಬೇರೆಯಾಗಿಯೇ ಇರಬೇಕು.

ಮಾದರಿ ತೆಗೆಯುವಾಗ ಹಿತ್ತಲಿನ ಏಳೆಂಟು ಕಡೆ ಅರ್ಧ ಅಡಿ ಆಳದ ಗುಳಿ ತೋಡಿ, ಗುಳಿಯ ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ಮಣ್ಣನ್ನು ಕೆರೆದು ತೆಗೆಯಿರಿ. ಎಲ್ಲವನ್ನೂ ಶುಭ್ರವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಬೆರಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಟ್ಟು ಮಿಕ್ಕುದನ್ನು ಮತ್ತೆ ಬೆರಸುತ್ತ ಅರ್ಧ ಕಿಲೋಗೆ ತನ್ನಿರಿ. ನೆರಳಿನಲ್ಲಿ ಒಣಗಿಸಿ ಹೊಸ ಚೀಲದಲ್ಲಿ ಕಟ್ಟಿರಿ. ಲೋಹದ ಪರೀಕ್ಷೆಯಾದುದರಿಂದ ತುಕ್ಕು ಹಿಡಿದ ಅಥವಾ ಸತುವಿನ ಲೇಪವಿರುವ ಸಲಕರಣೆ ಬೇಡ. ಮರದ ಅಥವಾ ಪ್ಲಾಸ್ಟಿಕ್ಕಿನ ಸೌಟು ಉತ್ತಮ. ಗುಡ್ಡದ ಧೂಳು ಬೀಳುವ ಕಡೆಯಾದರೆ ಮೇಲಿನ ಎರಡು ಅಂಗುಲದ ಮಣ್ಣನ್ನು ಬೇರೆ ಮಾದರಿಯಾಗಿ ತೆಗೆಯಿರಿ.

ಮನೆಯಲ್ಲಿಯೇ ಮಾಡಬಹುದಾದ ಮೂರು ಪ್ರಯೋಗ

ಮೊದಲನೆಯದು ತಟ್ಟೆಯ ಪ್ರಯೋಗ. ಮಳೆಯಿಲ್ಲದ, ಗಾಳಿ ಬೀಸುವ ದಿನಗಳಲ್ಲಿ ಎರಡು ಬಿಳಿ ತಟ್ಟೆಗಳಿಗೆ ತೆಳುವಾಗಿ ಎಣ್ಣೆ ಸವರಿ ಹಿತ್ತಲಿನ ಎರಡು ಮೂಲೆಗಳಲ್ಲಿ ಒಂದು ದಿನ ಇಡಿರಿ. ಯಾವುದರಲ್ಲಿ ಹೆಚ್ಚು ಧೂಳು ಅಂಟಿದೆಯೋ ಆ ಮೂಲೆಯಲ್ಲಿ ಸೊಪ್ಪಿನ ಮಡಿ ಬೇಡ. ಮುಂಗಾರಿನಲ್ಲಿ ಗಾಳಿ ಪಶ್ಚಿಮದ ಕಡೆಯಿಂದಲೂ ಹಿಂಗಾರಿನ ನಂತರ ಈಶಾನ್ಯದ ಕಡೆಯಿಂದಲೂ ಬೀಸುವುದರಿಂದ ವರ್ಷದಲ್ಲಿ ಎರಡು ಸಲ ಹೀಗೆ ನೋಡುವುದು ಮೇಲು.

ಎರಡನೆಯದು ಮೂರು ಕುಂಡಗಳ ಪ್ರಯೋಗ. ಒಂದರಲ್ಲಿ ಹಿತ್ತಲಿನ ಮಣ್ಣು, ಇನ್ನೊಂದರಲ್ಲಿ ದೂರದ ಹಳ್ಳಿಯಿಂದ ತಂದ ನಂಬಿಕೆಯ ಮಣ್ಣು, ಮೂರನೆಯದರಲ್ಲಿ ಎರಡರ ಸಮಪಾಲು ತುಂಬಿ ತಲಾ 20 ಸಾಸಿವೆ ಕಾಳು ಬಿತ್ತಿರಿ. ಏಳನೆಯ ದಿನ ಮೊಳೆತವುಗಳನ್ನು ಎಣಿಸಿರಿ. ಇಪ್ಪತ್ತೊಂದನೆಯ ದಿನ ಎತ್ತರ ಅಳೆಯಿರಿ. ಹಿತ್ತಲಿನ ಮಣ್ಣಿನಲ್ಲಿ ಮೊಳಕೆ ತೀರಾ ಕಡಿಮೆಯಾಗಿ, ಸಸಿ ಗಿಡ್ಡಾಗಿದ್ದರೆ ಅದು ಹುಳಿಯೋ ಉಪ್ಪೋ ಅಥವಾ ಗಟ್ಟಿಯೋ ಆಗಿದೆ ಎಂದರ್ಥ. ಆದರೆ ಮೂರೂ ಸಮನಾಗಿ ಬಂದರೆ ಮಣ್ಣು ನಿರ್ದೋಷಿ ಎಂದು ತೀರ್ಮಾನಿಸಕೂಡದು. ಈ ಪ್ರಯೋಗ ಗಿಡದ ಕಷ್ಟವನ್ನು ತಿಳಿಸುತ್ತದೆಯೇ ಹೊರತು ತಿನ್ನುವವರ ಅಪಾಯವನ್ನಲ್ಲ. ಈ ಸಸಿಗಳನ್ನು ಅಡಿಗೆಗೆ ಬಳಸಬೇಡಿರಿ.

ಮೂರನೆಯದು ತೊಳೆದ ನೀರಿನ ಪ್ರಯೋಗ. ಒಂದು ಕಟ್ಟು ಸೊಪ್ಪನ್ನು ಬಿಳಿ ಬೋಗುಣಿಯ ನೀರಿನಲ್ಲಿ ಅಲುಬಿ ತೆಗೆದು ಅರ್ಧ ಗಂಟೆ ನೀರನ್ನು ಅಲುಗಾಡಿಸದೆ ಬಿಡಿರಿ. ತಳದಲ್ಲಿ ಕುಳಿತ ಕೆಸರನ್ನು ನೋಡಿರಿ. ತಳದಲ್ಲಿ ಏನೂ ಕೂರದಿರುವ ತನಕ ನೀರು ಬದಲಿಸಿ ತೊಳೆಯಿರಿ. ಸೊಪ್ಪಿನ ಮೂಲಕ ಹೊಟ್ಟೆಗೆ ಹೋಗುವ ಸೀಸದಲ್ಲಿ ಹೆಚ್ಚು ಪಾಲು ಬೇರು ಹೀರಿದ್ದಲ್ಲ, ಎಲೆಗೆ ಮೆತ್ತಿಕೊಂಡ ಮಣ್ಣಿನದು. ಆದುದರಿಂದ ತೊಳೆಯುವ ಕೆಲಸವನ್ನು ಸಣ್ಣದೆಂದು ಬಗೆಯಬಾರದು.

ನೆಲ ಬಿಟ್ಟು ಮೇಲೇಳಿಸಿದ ಮಡಿ

ಕೆಲವರು ಸುಣ್ಣ ಹಾಕಿದರೆ ದೋಷ ಹೋದೀತೆ ಎಂದು ಕೇಳುತ್ತಾರೆ. ಹುಳಿಮಣ್ಣಿನ ರಸಸಾರವನ್ನು ಸುಣ್ಣದಿಂದ 6.5ರಿಂದ 7ಕ್ಕೆ ತಂದರೆ ಸೀಸ, ಕ್ಯಾಡ್ಮಿಯಂಗಳು ಬೇರಿಗೆ ಸಿಗುವುದು ಕಡಿಮೆಯಾಗುವುದು ನಿಜ. ರಂಜಕದ ಗೊಬ್ಬರವೂ ಸೀಸವನ್ನು ಕಟ್ಟಿಹಾಕುತ್ತದೆ. ಆದರೆ ಅದೇ ರಂಜಕ ಮಣ್ಣಿನ ಕಣಗಳಿಗೆ ಅಂಟಿರುವ ಆರ್ಸೆನಿಕ್ಕನ್ನು ಬಿಡಿಸಿ ಗಿಡಕ್ಕೆ ಒದಗಿಸಬಹುದು. ಒಂದಕ್ಕೆ ಮದ್ದಾದುದು ಇನ್ನೊಂದಕ್ಕೆ ಕುಮ್ಮಕ್ಕು. ಆದುದರಿಂದ ಯಾವ ಲೋಹ ಎಷ್ಟಿದೆ ಎಂಬುದು ತಿಳಿಯುವ ತನಕ, ಅನುಮಾನದ ನೆಲಕ್ಕೆ ಚಿಕಿತ್ಸೆ ಮಾಡುವುದಕ್ಕಿಂತ ಅದರ ಮೇಲೆ ಬೇರೆ ಮಣ್ಣಿನ ಮಡಿ ಕಟ್ಟುವುದೇ ಕ್ಷೇಮ.

ನಾಲ್ಕು ಅಡಿ ಅಗಲ, ಹತ್ತು ಅಡಿ ಉದ್ದ, ಒಂದು ಅಡಿ ಎತ್ತರದ ಮಡಿಗೆ 40 ಘನ ಅಡಿ ಮಿಶ್ರಣ ಬೇಕು. ಲೈನ್ ಮನೆಗಳ ಚಿಕ್ಕ ಹಿತ್ತಲಿಗೆ ಇಂಥ ಒಂದೆರಡು ಸಾಕು. ಜಾಗವಿದ್ದವರು ನಾಲ್ಕು ಮಾಡಬಹುದು. ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ತೊಳೆದ ತೆಂಗಿನ ನಾರಿನ ಪುಡಿ ಬೆರಸಿರಿ. ನಾಲ್ಕು ಮಡಿಗೆ ಮಣ್ಣಿನ ಪಾಲು 80 ಘನ ಅಡಿ. ಒಂದು ಟ್ರ್ಯಾಕ್ಟರ್ ಹೊರೆಯಲ್ಲಿ ಮುಗಿಯುತ್ತದೆ. ಇಟ್ಟಿಗೆ ಅಥವಾ ಕಲ್ಲುಚಪ್ಪಡಿಯನ್ನು ಅಂಚಿಗೆ ಕಟ್ಟಿರಿ. ತಳಕ್ಕೆ ಹೊಸ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ನೀರು ಬಸಿಯಲು ಅಂಚಿನ ಬುಡದಲ್ಲಿ ಅಲ್ಲಲ್ಲಿ ರಂಧ್ರ ಬಿಡಿರಿ. ಗಾರೆ ನೆಲದ ಮೇಲೆ ಮಡಿ ಮಾಡುವವರಿಗೆ ಹಾಳೆ ಬೇಡ. ಬಣ್ಣ ಬಳಿದ ಹಳೆಯ ಬಾಗಿಲು, ಹಳೆಯ ಬಣ್ಣದ ಡಬ್ಬಿ, ಔಷಧದ ಡಬ್ಬಿ ಇವನ್ನು ಮಡಿಗಾಗಲಿ ಕುಂಡಕ್ಕಾಗಲಿ ಬಳಸಬಾರದು. ಮಣ್ಣು ಸಡಿಲವಾಗಲೆಂದು ಗುಡ್ಡದ ನುಣ್ಣನೆಯ ಪುಡಿಯನ್ನು ಮರಳಿನ ಬದಲು ಬೆರಸುವುದಂತೂ ಕೂಡದು.

ಮಣ್ಣು ಎಲ್ಲಿಂದ ತರಬೇಕು? ಗಣಿ ಪ್ರದೇಶದಿಂದ ದೂರವಿರುವ ಬಂಗಾರಪೇಟೆ ಸುತ್ತಿನ ಹಳ್ಳಿಗಳಲ್ಲಿ ಪಾಯ ತೋಡುವಾಗ ಬರುವ ಕೆಂಪುಮಣ್ಣು ಒಳ್ಳೆಯದು. ಅದರಲ್ಲಿ ಸಾರ ಕಡಿಮೆ, ಆದರೆ ಗೊಬ್ಬರದಿಂದ ಅದನ್ನು ತುಂಬಬಹುದು. ಹೊಲದ ಮೇಲ್ಮಣ್ಣನ್ನು ಕೆರೆದು ಮಾರುವುದನ್ನು ರೈತರು ಮಾಡಬಾರದು. ಒಬ್ಬರ ಕೈತೋಟಕ್ಕಾಗಿ ಇನ್ನೊಬ್ಬರ ಹೊಲ ಬಡವಾಗಕೂಡದು. ಕೆರೆಗೋಡು ತರುವವರು ಆ ಕೆರೆಯ ನೀರಿನ ಮೂಲ ವಿಚಾರಿಸಬೇಕು. ಬೆಂಗಳೂರಿನ ಎರಡು ಹಂತ ಶುದ್ಧಿಗೊಳಿಸಿದ ಬಳಕೆ ನೀರನ್ನು ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಇದರ ಉದ್ದೇಶ ಅಂತರ್ಜಲ ಮರುಪೂರಣ. ಅಂಥ ಕೆರೆಯ ಗೋಡನ್ನು ಪರೀಕ್ಷೆ ಮಾಡಿಸದೆ ತರಕಾರಿ ಮಡಿಗೆ ತುಂಬದಿರುವುದು ಒಳಿತು.

ಯಾವ ಬೆಳೆ ಎಲ್ಲಿ?

ಸಾಮಾನ್ಯವಾಗಿ ಲೋಹಗಳು ಬೇರು ಮತ್ತು ಎಲೆಗಳಲ್ಲಿ ಹೆಚ್ಚಾಗಿಯೂ ಕಾಯಿ, ಕಾಳು, ಹಣ್ಣುಗಳಲ್ಲಿ ಕಡಿಮೆಯಾಗಿಯೂ ಸೇರುತ್ತವೆ. ಆದ್ದರಿಂದ ದಂಟು, ಮೆಂತ್ಯ, ಪಾಲಕ್, ಕೊತ್ತಂಬರಿ, ಮೂಲಂಗಿ, ಗಜ್ಜರಿ ಇವು ಮೇಲೇಳಿಸಿದ ಮಡಿಯಲ್ಲಿ ಮಾತ್ರ ಬೆಳೆಯಲಿ. ಪರೀಕ್ಷೆಯಲ್ಲಿ ದೋಷ ಅಲ್ಪವೆಂದು ಕಂಡ ನೆಲದಲ್ಲಿ ಚಪ್ಪರಕ್ಕೆ ಹಬ್ಬಿಸಿದ ಹೀರೆ, ಸೋರೆ, ಪಡವಲ, ಚಪ್ಪರದವರೆ ಮತ್ತು ಪರಂಗಿ ಬೆಳೆಯಬಹುದು. ನೆಲದಿಂದ ಎತ್ತರದಲ್ಲಿ ಬಿಡುವುದರಿಂದ ಈ ಕಾಯಿಗಳಿಗೆ ಕೆಸರು ಸಿಡಿಯುವುದೂ ಇಲ್ಲ. ದೋಷ ಹೆಚ್ಚೆಂದು ಕಂಡರೆ ಆ ನೆಲದಲ್ಲಿ ತಿನ್ನುವ ಬೆಳೆ ಬೇಡ. ಕನಕಾಂಬರ, ಸೇವಂತಿಗೆ ಹಾಕಿ ನೆಲ ಮುಚ್ಚಿರಿ.

ಮಡಿಯ ಬೆಳೆಗಳಲ್ಲಿ ದಂಟು, ಮೆಂತ್ಯ 25-30 ದಿನಕ್ಕೆ ಕೊಯ್ಲಿಗೆ ಬರುತ್ತವೆ. ಬೆಂಡೆಯಲ್ಲಿ ಅರ್ಕಾ ಅನಾಮಿಕ ಹಳದಿ ನಂಜುರೋಗ ತಡೆಯುವ ತಳಿಯೆಂದು ಬಿಡುಗಡೆಯಾದುದು. ಸುಮಾರು 45-50 ದಿನಕ್ಕೆ ಮೊದಲ ಕಾಯಿ ಕೊಡುತ್ತದೆ. ಅವರೆಗೆ ಚಳಿಗಾಲವೇ ಬೇಕೆಂದಿಲ್ಲ. ಹೆಬ್ಬಾಳ ಅವರೆ-4 ಹಗಲಿನ ಉದ್ದಕ್ಕೆ ಕಟ್ಟುಬೀಳದ ಗಿಡ್ಡ ತಳಿಯಾದುದರಿಂದ ಮಡಿಯಲ್ಲಿ ಬೇರೆ ಕಾಲದಲ್ಲೂ ಬರುತ್ತದೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಂತೆ ಒಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ ಬೇಕು. ನಾಲ್ಕು ಮಡಿಗಳಿಂದ ಒಂದು ಸಂಸಾರಕ್ಕೆ ಅಷ್ಟೂ ಸಿಗದು. ಆದರೆ ಒಂದೊಂದು ಮಡಿಗೂ ವಾರದ ಅಂತರ ಕೊಟ್ಟು ಬಿತ್ತುತ್ತ ಹೋದರೆ ಮಕ್ಕಳ ತಟ್ಟೆಗೆ ವರ್ಷವಿಡೀ ಸೊಪ್ಪು ತಪ್ಪುವುದಿಲ್ಲ.

ಇಲ್ಲಿ ಬೆರಕೆ ಸೊಪ್ಪಿನ ಮಾತು ಬರುತ್ತದೆ. ಅಣ್ಣೆ, ದಂಟು, ಗೋಣಿ ಮುಂತಾದುವನ್ನು ಬಯಲಿನಲ್ಲಿ ಆಯ್ದು ತಂದು ಮಸ್ಸೊಪ್ಪು ಮಾಡಿ ಮುದ್ದೆಗೆ ಕೂಡಿಸಿಕೊಳ್ಳುವುದು ಕೋಲಾರ ಸೀಮೆಯ ಒಳ್ಳೆಯ ರೂಢಿ. ಆ ರೂಢಿ ಬಿಡಬೇಕಿಲ್ಲ. ಆಯುವ ಜಾಗ ಮಾತ್ರ ಬದಲಾಗಬೇಕು. ಗುಡ್ಡದ ಬುಡದಲ್ಲಿ, ಅದರಿಂದ ಹರಿದುಬಂದ ಮಳೆನೀರಿನ ಹಾದಿಯಲ್ಲಿ, ರೈಲು ಹಳಿಯ ಬದಿಯಲ್ಲಿ ಬೆಳೆದ ಸೊಪ್ಪು ಬೇಡ. ಅಣ್ಣೆ, ದಂಟುಗಳ ಬೀಜ ಉದುರಿಸಿಕೊಂಡು ಮಡಿಯಲ್ಲೇ ಚೆಲ್ಲಿದರೆ ಬೆರಕೆ ಸೊಪ್ಪು ಮನೆ ಬಾಗಿಲಿಗೇ ಬರುತ್ತದೆ.

ನೀರು, ಹೊದಿಕೆ ಮತ್ತು ಕೀಟ

ಈ ಊರಿನಲ್ಲಿ ನೀರಿಗೆ ಯಾವಾಗಲೂ ಬರ. 300 ಚದರ ಅಡಿ ಚಾವಣಿಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 700 ಲೀಟರ್; ಐದನೇ ಒಂದು ಪಾಲು ನಷ್ಟವಾದರೂ 560 ಲೀಟರ್ ದೊರೆಯುತ್ತದೆ. ನಾಲ್ಕು ಮಡಿಗೆ ದಿನಕ್ಕೆ 60-75 ಲೀಟರ್ ಬೇಕಾದುದರಿಂದ ಇದು ಒಂದು ವಾರ ದಾಟಿಸುತ್ತದೆ. ಬೇಸಿಗೆಯಲ್ಲಿ ಚಾವಣಿಯ ಮೇಲೆ ಕುಳಿತ ಧೂಳು ಮೊದಲ ಮಳೆಯಲ್ಲಿ ಇಳಿಯುವುದರಿಂದ ಆ ನೀರನ್ನು ಹೊರಕ್ಕೆ ಬಿಟ್ಟು, ಆಮೇಲಿನದನ್ನು ಹಿಡಿಯಿರಿ.

ಮಡಿಯ ಮೇಲೆ ಎರಡು ಅಂಗುಲ ಒಣಹುಲ್ಲು ಅಥವಾ ಒಣಎಲೆ ಹೊದಿಸಿರಿ. ತೇವ ಉಳಿಯುತ್ತದೆ, ಮಳೆಹನಿಗೆ ಮಣ್ಣು ಎಲೆಗೆ ಸಿಡಿಯುವುದಿಲ್ಲ. ಗಾಳಿ ಬರುವ ಕಡೆ ಗೊಬ್ಬರದ ಗಿಡ ಅಥವಾ ಹೊಂಗೆಯ ಬೇಲಿ ಹಾಕಿರಿ. ಮಡಿಗಳ ನಡುವಿನ ಹಾದಿಯನ್ನು ಬರಿದಾಗಿ ಬಿಡದೆ ಜಲ್ಲಿ ಅಥವಾ ಗರಿಕೆಯಿಂದ ಮುಚ್ಚಿರಿ. ವರ್ಷಕ್ಕೊಮ್ಮೆ ಮಡಿಯ ಮೇಲೆ ಒಂದಂಗುಲ ಹೊಸ ಗೊಬ್ಬರ ಹಾಕಿರಿ. ಪ್ಲಾಸ್ಟಿಕ್, ಬಣ್ಣದ ಮರ ಸುಟ್ಟ ಬೂದಿ ಮತ್ತು ಬೀದಿ ಗುಡಿಸಿದ ಕಸ ಗೊಬ್ಬರದ ಗುಂಡಿಗೆ ಹೋಗಬಾರದು.

ಕೀಟ ಬಂದಾಗ ಹೊಲಕ್ಕೆ ತಂದು ಮಿಕ್ಕ ಔಷಧವನ್ನು ಹಿತ್ತಲಿಗೆ ಹೊಡೆಯುವುದು ಕೈತೋಟದ ಉದ್ದೇಶವನ್ನೇ ಕೆಡಿಸುತ್ತದೆ. ಮಾನೋಕ್ರೊಟೊಫಾಸ್ ಔಷಧವನ್ನು ತರಕಾರಿಗೆ ಬಳಸಕೂಡದೆಂದು 2005ರಲ್ಲೇ ನಿಷೇಧವಾಗಿದೆ. 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಶೋಧಿಸಿ, ಸ್ವಲ್ಪ ಸೋಪಿನ ನೀರು ಬೆರಸಿ ಸಂಜೆ ಸಿಂಪಡಿಸಿರಿ. ಬದನೆಯ ಬಾಡಿದ ಕುಡಿಗಳನ್ನು ಹುಳು ಸಹಿತ ಚಿವುಟಿ ಸುಡಿರಿ.

ಮಕ್ಕಳ ಕೈ, ಕೋಳಿಯ ಕಾಲು

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಮಣ್ಣಿನ ಸೀಸ ಮಗುವಿನ ಹೊಟ್ಟೆಗೆ ಸೇರುವುದು ತರಕಾರಿಯಿಂದ ಮಾತ್ರವಲ್ಲ. ಮಣ್ಣಾಟವಾಡಿದ ಕೈಯನ್ನು ಬಾಯಿಗಿಡುವುದರಿಂದ ಅದಕ್ಕಿಂತಲೂ ಹೆಚ್ಚು. ಸೀಸ ಮಗುವಿನ ಬುದ್ಧಿಯ ಬೆಳವಣಿಗೆಗೇ ಅಡ್ಡಿ. ಆದುದರಿಂದ ತೋಟದಿಂದ ಬಂದೊಡನೆ ಕೈಕಾಲು ತೊಳೆಯುವುದು, ಕೆಸರಿನ ಚಪ್ಪಲಿಯನ್ನು ಹೊರಗೇ ಬಿಡುವುದು, ಮಕ್ಕಳ ಉಗುರು ಕತ್ತರಿಸುವುದು ಇವು ಗೊಬ್ಬರ ಹಾಕಿದಷ್ಟೇ ಮುಖ್ಯವಾದ ಕೈತೋಟದ ಕೆಲಸಗಳು. ನೆಲ ಕೆದಕುವ ಕೋಳಿ ದಿನವೂ ಮಣ್ಣು ತಿನ್ನುತ್ತದೆ. ದೋಷವುಳ್ಳ ನೆಲದಲ್ಲಿ ಅಡ್ಡಾಡುವ ಕೋಳಿಯ ಮೊಟ್ಟೆಗೂ ಸೀಸ ಸೇರುತ್ತದೆ. ಪರೀಕ್ಷೆಯಾಗದ ಹಿತ್ತಲಿನಲ್ಲಿ ಕೋಳಿಗಳನ್ನು ಒಡ್ಡಿಯಲ್ಲಿ ಸಾಕುವುದು ಮೇಲು.

ಬಂಧುಗಳೇ, ನೂರಿಪ್ಪತ್ತು ವರ್ಷ ನೆಲದಿಂದ ತೆಗೆದು ಕೊಟ್ಟ ಊರು ಇದು. ಈಗ ಆ ನೆಲದ ಮೇಲೆ ಹಿಡಿ ಸೊಪ್ಪು ಬೆಳೆದುಕೊಳ್ಳಲು ಹೊರಟವರಿಗೆ ಹೇಳಬೇಕಾದುದು ಇಷ್ಟೇ: ಬೀಜಕ್ಕೆ ಮುಂಚೆ ಮಣ್ಣನ್ನು ಕೇಳಿರಿ. ಉತ್ತರ ಬರುವವರೆಗೆ ಬೇರೆ ಮಣ್ಣಿನ ಮಡಿಯಲ್ಲಿ ಬೆಳೆಯಿರಿ. ಈ ಮುಂಗಾರಿಗೆ ಒಂದೇ ಒಂದು ಮಡಿಯಿಂದ ಆರಂಭಿಸಿರಿ. ಅದರ ಮೊದಲ ಕಟ್ಟು ಸೊಪ್ಪನ್ನು ಮೂರು ನೀರಿನಲ್ಲಿ ತೊಳೆದು ಮಕ್ಕಳಿಗೆ ನಿಶ್ಚಿಂತೆಯಿಂದ ಬಡಿಸಿರಿ.